ಮನೆವಾರ್ತೆಯ ವಿಜ್ಞಾನ: ಕಾಫಿಯ ಹೊಟ್ಟು

ಮನೆಯಲ್ಲಿ ಕಾಫಿಬೀಜವನ್ನು ಹುರಿದವರೆಲ್ಲರೂ ಬಲ್ಲರು: ಬೀಜವು ಕಂದುಬಣ್ಣಕ್ಕೆ ತಿರುಗುತ್ತಲೇ ಅದರ ಮೈಮೇಲಿನ ತೆಳುಸಿಪ್ಪೆಯು ಕಳಚಿ ಹಾರಾಡುವುದು. ಅದನ್ನು ಕೇರಿ ಚೆಲ್ಲುವುದೇ ವಾಡಿಕೆ. ಆ ಹೊಟ್ಟಿನಿಂದ ಮೋಟಾರು ಗಾಡಿಯ ಅಂಗವಾದೀತೆಂದರೆ ಯಾರು ನಂಬುವರು? ಆದರೂ ಅಮೇರಿಕದ ಫೋರ್ಡ್ ಕಂಪೆನಿಯವರು ಮ್ಯಾಕ್‌ಡೊನಾಲ್ಡ್ಸ್ ಹೋಟೆಲುಗಳ ಕಾಫಿಯ ಹೊಟ್ಟನ್ನು ಈ ಕೆಲಸಕ್ಕೆ ತೊಡಗಿಸುವುದಾಗಿ 2019ರಲ್ಲಿ ಪ್ರಕಟಿಸಿದರು.

ಕ್ರಮವು ಇದ್ದಲು ಸುಡುವವನದೇ. ಗಾಳಿ ಹೆಚ್ಚಾಗಿ ಆಡದಂತೆ ಕಾಯಿಸಿದರೆ ಹೊಟ್ಟು ಬೂದಿಯಾಗದೆ ಇದ್ದಲಾಗುವುದು. ಅದನ್ನು ಪ್ಲಾಸ್ಟಿಕ್ಕಿನೊಡನೆ ಬೆರೆಸಿ, ಗುಳಿಗೆ ಮಾಡಿ, ಕರಗಿಸಿ ಅಚ್ಚಿಗೆ ಒತ್ತಿ, ಗಾಡಿಯ ಮುಂದಿನ ದೀಪವು ಕೂಡುವ ಗೂಡನ್ನು ತೆಗೆಯುವರು. ವಾಡಿಕೆಯಾಗಿ ಬೆರೆಸುವ ಬಳಪದ ಕಲ್ಲಿನ ಪುಡಿಗಿಂತ ಇದ್ದಲು ಹಗುರ. ಅಂಗದ ತೂಕವು ನೂರಕ್ಕೆ ಸುಮಾರು 20 ಇಳಿಯುವುದೆಂದೂ, ಅಚ್ಚುಹಾಕುವ ಶಕ್ತಿಯಲ್ಲಿ ನೂರಕ್ಕೆ 25ರವರೆಗೆ ಉಳಿತಾಯವಾಗುವುದೆಂದೂ ಅವರ ಲೆಕ್ಕ.

ಹಗುರವಾದರೂ ಗಟ್ಟಿಯೇ ಎಂಬ ಪ್ರಶ್ನೆ ಸಹಜ. ಇದ್ದಲು ಸೇರಿದ ಮಾತ್ರಕ್ಕೆ ಗಟ್ಟಿತನ ಬಾರದು. ರೊಟ್ಟಿಯ ಹಿಟ್ಟಿನಲ್ಲಿ ಗಂಟುಳಿದರೆ ತಟ್ಟುವಾಗ ಅಲ್ಲಿಯೇ ಹರಿಯುವಂತೆ, ಪುಡಿಯು ನುಣ್ಣಗಾಗದೆ ಮುದ್ದೆಗಟ್ಟಿದೆಡೆಯಿಂದಲೇ ಬಿರುಕು ಹುಟ್ಟುವುದು. ಪುಡಿಯು ಮಿತಿಮೀರಿದರೆ ವಸ್ತುವು ಬಿರುಸಾಗಿ, ಪೆಟ್ಟು ತಾಳುವ ಗುಣ ಕುಗ್ಗುವುದು.

ಇನ್ನೊಂದು ಮಾತನ್ನು ಗೃಹಿಣಿಯರು ಮರೆಯಕೂಡದು. ಗಿಡದಿಂದ ಬಂದುದೆಲ್ಲ ಬೇಗನೆ ಮಣ್ಣಾಗುವುದೆಂದು ಎಣಿಸಬಾರದು. ಇದ್ದಲು ಸುಲಭವಾಗಿ ಕೊಳೆಯದು; ಅದನ್ನು ಹಿಡಿದಿರುವ ಪ್ಲಾಸ್ಟಿಕ್ಕು ಮೊದಲಿನ ಪ್ಲಾಸ್ಟಿಕ್ಕೇ. ಬಹುಕಾಲ ಬಾಳಬೇಕಾದ ಅಂಗಗಳಿಗೆ ಇದು ತಕ್ಕುದು. ಒಂದು ದಿನ ಬಳಸಿ ಎಸೆಯುವ ಸಾಮಾನಿಗೆ ಸಲ್ಲದು. ಅಂಗಡಿಯವನು ‘ಸಸ್ಯಜನ್ಯ’ವೆಂದು ಹೊಗಳಿದಾಗ, ಅದು ಎಷ್ಟು ಕಾಲ ಬಾಳುವುದು, ಆ ಬಳಿಕ ಎಲ್ಲಿಗೆ ಹೋಗುವುದು ಎಂದು ಕೇಳಿ ತಿಳಿದು ಕೊಳ್ಳುವುದೇ ಜಾಣತನ.