ಓದಲಾಗದ ಕಾಗದಕ್ಕೆ ಹೆಬ್ಬೆಟ್ಟು



ನಮ್ಮ ಅಜ್ಜಂದಿರ ಕಾಲದಲ್ಲಿ ಸಾಹುಕಾರ ಒಂದು ಕಾಗದ ಮುಂದಿಡುತ್ತಿದ್ದ. ಓದಲು ಬಾರದ ರೈತ ಹೆಬ್ಬೆಟ್ಟು ಒತ್ತುತ್ತಿದ್ದ. ಅದರಲ್ಲಿ ಏನು ಬರೆದಿತ್ತೆಂಬುದು ಹೊಲ ಕೈಬಿಟ್ಟ ಮೇಲೆ ತಿಳಿಯುತ್ತಿತ್ತು. ನೀವು ಡಿಗ್ರಿ ಮುಗಿಸಿದವರು. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೆಲಸದಲ್ಲಿದ್ದೀರಿ. ಹೊಸ ಆ್ಯಪ್ ಹಾಕಿಕೊಂಡಾಗ ಪರದೆಯ ಮೇಲೆ ‘ಅಲೋ’ ಎಂಬ ಗುಂಡಿ ಬರುತ್ತದೆ. ಅದನ್ನು ಯಾವ ಬೆರಳಿನಿಂದ ಒತ್ತುತ್ತೀರಿ? ಅದೇ ಹೆಬ್ಬೆರಳು!

ಇದು ಸುಮ್ಮನೆ ಹೆದರಿಸುವ ಮಾತಲ್ಲ. ಅಮೆರಿಕದಲ್ಲಿ ‘ಬ್ರೈಟೆಸ್ಟ್ ಫ್ಲ್ಯಾಶ್‌ಲೈಟ್’ ಎಂಬ ಟಾರ್ಚ್ ಆ್ಯಪ್ ಇತ್ತು. ಕೋಟಿಗಟ್ಟಲೆ ಜನ ಅದನ್ನು ಪುಕ್ಕಟೆ ಇಳಿಸಿಕೊಂಡಿದ್ದರು. ಕತ್ತಲಲ್ಲಿ ಬೆಳಕು ಕೊಡುವುದೊಂದೇ ಅದರ ಕೆಲಸ ಎಂದು ಜನ ನಂಬಿದ್ದರು. ಆದರೆ ಫೋನ್ ಎಲ್ಲಿದೆ ಎಂಬ ವಿವರವನ್ನೂ ಆ ಫೋನಿನ ಗುರುತಿನ ಸಂಖ್ಯೆಯನ್ನೂ ಅದು ಜಾಹೀರಾತು ಕಂಪನಿಗಳಿಗೆ ರವಾನಿಸುತ್ತಿತ್ತು. 2013ರ ಡಿಸೆಂಬರಿನಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಇದನ್ನು ಬಯಲಿಗೆಳೆಯಿತು. ಬಳಸುವವನು ‘ಒಪ್ಪಿದ್ದೇನೆ’, ‘ಒಪ್ಪುವುದಿಲ್ಲ’ ಎಂದು ಒತ್ತುವ ಮೊದಲೇ ಮಾಹಿತಿ ಹೊರಟುಬಿಟ್ಟಿರುತ್ತಿತ್ತಂತೆ! ಟಾರ್ಚಿಗೆ ನಿಮ್ಮ ಮನೆ ಎಲ್ಲಿದೆ ಎಂಬುದು ಏಕೆ ಬೇಕು ಹೇಳಿ?

ಬೇಕಾಗಿರುವುದು ಟಾರ್ಚಿಗಲ್ಲ, ಅದರ ಹಿಂದಿರುವ ದಲ್ಲಾಳಿಗಳಿಗೆ. ಆ್ಯಪ್ ತಯಾರಿಸುವವನು ಎಲ್ಲವನ್ನೂ ತಾನೇ ಬರೆಯುವುದಿಲ್ಲ. ಎಸ್‌ಡಿಕೆ ಎಂಬ ಸಿದ್ಧ ತುಣುಕುಗಳನ್ನು ಬೇರೆ ಕಂಪನಿಗಳಿಂದ ತಂದು ಒಳಗೆ ಜೋಡಿಸುತ್ತಾನೆ. ಜಾಹೀರಾತು ಕಂಪನಿಯ ತುಣುಕು ಒಳಗಿದ್ದರೆ ಅವನಿಗೆ ಕಾಸು ಸಿಗುತ್ತದೆ. ನೀವು ಆ್ಯಪಿಗೆ ಕೊಟ್ಟ ಅನುಮತಿಯನ್ನೇ ಹಿಡಿದು ಆ ತುಣುಕೂ ಕೆಲಸ ಮಾಡುತ್ತದೆ. ಮೇಲಾಗಿ ನಿಮ್ಮ ಫೋನಿಗೆ ಜಾಹೀರಾತಿಗೆಂದೇ ಒಂದು ಸಂಖ್ಯೆ ಇದೆ, ‘ಅಡ್ವರ್ಟೈಸಿಂಗ್ ಐಡಿ’. ಒಂದು ಆ್ಯಪಿನಲ್ಲಿ ನೀವು ಹುಡುಕಿದ್ದು, ಇನ್ನೊಂದರಲ್ಲಿ ಕೊಂಡದ್ದು, ಮತ್ತೊಂದರಲ್ಲಿ ಓಡಾಡಿದ್ದು, ಎಲ್ಲವೂ ಆ ಒಂದು ಸಂಖ್ಯೆಯ ಕೆಳಗೆ ಬಂದು ಸೇರುತ್ತದೆ.

‘ಹೆಸರಿಲ್ಲವಲ್ಲ, ಬರೀ ಸಂಖ್ಯೆ’ ಎಂದು ಕಂಪನಿಗಳು ಸಮಜಾಯಿಷಿ ಕೊಡುತ್ತವೆ. ರಾತ್ರಿ ಹನ್ನೊಂದಕ್ಕೆ ಫೋನ್ ಮಲಗುವ ಜಾಗ ಮನೆ, ಬೆಳಿಗ್ಗೆ ಹತ್ತಕ್ಕೆ ಹೋಗಿ ಕೂರುವ ಜಾಗ ಆಫೀಸು. ಇವೆರಡು ಗೊತ್ತಾದ ಮೇಲೆ ಹೆಸರು ಹುಡುಕುವುದು ಯಾವ ಮಹಾ ಕಷ್ಟ? 2019ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಕೈಗೆ 1.2 ಕೋಟಿಗೂ ಹೆಚ್ಚು ಅಮೆರಿಕನ್ನರ ಫೋನುಗಳ ಜಾಡು ಸಿಕ್ಕಿತ್ತು. ಒಟ್ಟು 5,000 ಕೋಟಿ ಗುರುತುಗಳು. ಒಂದರಲ್ಲೂ ಹೆಸರಿರಲಿಲ್ಲ. ಆದರೂ ವರದಿಗಾರರು ಯಾರು ಯಾರೆಂದು ಪತ್ತೆ ಹಚ್ಚಿ ತೋರಿಸಿದರು.

ನಾನು ಅಚ್ಚುಕೂಟದವನು, ನನ್ನ ಕಸುಬಿನ ಮಾತಿನಲ್ಲೇ ಹೇಳುತ್ತೇನೆ. ಯಾರ ಮನೆಯಲ್ಲಿ ಯಾವತ್ತು ಮದುವೆ ಎಂಬುದು ನೆಂಟರಿಗಿಂತ ಮೊದಲು ನಮಗೆ ಗೊತ್ತು. ಕಾರ್ಡಿನ ಪ್ರೂಫ್ ನಮ್ಮ ಟೇಬಲ್ ಮೇಲಿರುತ್ತದೆ. ಆ ವಿಳಾಸಗಳನ್ನೆಲ್ಲ ಬರೆದು ಸೀರೆ ಅಂಗಡಿಗೋ ಛತ್ರದವರಿಗೋ ಮಾರಿದರೆ ನಾಲ್ಕು ಕಾಸು ಬರುತ್ತದೆ. ಹಾಗೆ ಮಾರಿದ ಸುದ್ದಿ ಹೊರಬಿದ್ದರೆ ಊರಿನವರು ನನ್ನ ಪ್ರೆಸ್ಸಿನ ಮೆಟ್ಟಿಲು ಹತ್ತುತ್ತಾರೆಯೆ? ಮೊಬೈಲಿನಲ್ಲಿ ಅದೇ ಕೆಲಸಕ್ಕೆ ‘ಬಿಸಿನೆಸ್ ಮಾಡೆಲ್’ ಎಂಬ ಗೌರವದ ಹೆಸರು!

ಫೋನಿನಲ್ಲಿರುವುದು ನಿಮ್ಮೊಬ್ಬರ ಗುಟ್ಟಷ್ಟೇ ಅಲ್ಲ. 2021ರಲ್ಲಿ ನಮ್ಮಲ್ಲಿ ಬೈಂಡಿಂಗ್ ಮಾಡುವ ಹುಡುಗ ಯಾವುದೋ ಸಾಲದ ಆ್ಯಪಿನಲ್ಲಿ ಐದು ಸಾವಿರ ತೆಗೆದುಕೊಂಡಿದ್ದ. ಹಿಡಿದುಕೊಂಡು ಕೈಗೆ ಕೊಟ್ಟದ್ದು ಮೂರು ಸಾವಿರದ ಚಿಲ್ಲರೆ. ವಾರದ ಗಡುವು ತಪ್ಪಿತು. ಮಾರನೆಯ ದಿನ ನನಗೆ ಫೋನು, ಅವನ ಅಕ್ಕನಿಗೆ ಫೋನು, ಅಕ್ಕನ ಅತ್ತೆಗೂ ಫೋನು. ‘ಅವನು ಕಳ್ಳ’ ಎಂದು ಹಿಂದಿಯಲ್ಲಿ ಬೈಗುಳ. ಸಾಲ ಕೊಡುವಾಗಲೇ ಅವನ ಫೋನಿನಲ್ಲಿದ್ದ ನಂಬರುಗಳನ್ನೆಲ್ಲ ಎತ್ತಿಕೊಂಡಿದ್ದರು. ಹುಡುಗ ನಾಚಿಕೆಯಿಂದ ನಾಲ್ಕು ದಿನ ಕೆಲಸಕ್ಕೆ ಬರಲಿಲ್ಲ. ಅವನು ಒತ್ತಿದ ಒಂದು ಗುಂಡಿಗೆ ಆ ಅತ್ತೆಯ ಒಪ್ಪಿಗೆಯನ್ನು ಯಾರು ಕೇಳಿದ್ದರು? ಇಂಥ ಆ್ಯಪುಗಳು ನಂಬರು, ಫೋಟೊಗಳನ್ನು ಮುಟ್ಟಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಹೇಳಿತು, ಗೂಗಲ್ 2023ರಲ್ಲಿ ನಿಯಮ ಮಾಡಿತು. ಅಷ್ಟರಲ್ಲಿ ಎಷ್ಟು ಮನೆಗಳ ಮಾನ ಹರಾಜಾಗಿತ್ತೋ!

ಈಗ ಕಾನೂನಿಗೆ ಬನ್ನಿ. ಖಾಸಗಿತನ ಈ ದೇಶದಲ್ಲಿ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆ ತೀರ್ಪಿಗೆ ಕಾರಣರಾದ ಅರ್ಜಿದಾರರು ಯಾರು ಗೊತ್ತೆ? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ, 86ರ ವಯಸ್ಸಿನಲ್ಲಿ, ಆಧಾರ್ ವಿರುದ್ಧ ಕೋರ್ಟಿನ ಬಾಗಿಲು ತಟ್ಟಿದವರು. 2024ರಲ್ಲಿ ತೀರಿಕೊಂಡರು. ಅವರ ಹೆಸರು ನಮ್ಮ ಹುಡುಗರಲ್ಲಿ ಎಷ್ಟು ಮಂದಿಗೆ ಗೊತ್ತಿದೆ?

ಅದರ ಬೆನ್ನಿಗೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಸರಕಾರ ತನಗೆ ಬೇಕಾದ ಕಡೆ ವಿನಾಯಿತಿ ಇಟ್ಟುಕೊಂಡಿದೆ, ಆ ಜಗಳ ಬೇರೆ. ಆದರೆ ಅದರ 5 ಮತ್ತು 6ನೆಯ ಸೆಕ್ಷನ್ ಓದಿ. ಒಪ್ಪಿಗೆ ಕೇಳುವಾಗ ಕೊಡುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ನಿಮಗಿರಬೇಕು. ಆ 22 ಭಾಷೆಗಳಲ್ಲಿ ಕನ್ನಡವೂ ಒಂದು. ಕೊಟ್ಟ ಒಪ್ಪಿಗೆಯನ್ನು ವಾಪಸು ಪಡೆಯುವುದು ಕೊಟ್ಟಷ್ಟೇ ಸುಲಭವಾಗಿರಬೇಕು. ಕಾಯ್ದೆಯೇ ಒಂದು ಉದಾಹರಣೆ ಕೊಡುತ್ತದೆ: ವೈದ್ಯರ ಸಲಹೆ ಕೊಡುವ ಆ್ಯಪ್ ನಿಮ್ಮ ಫೋನಿನ ನಂಬರುಗಳನ್ನೂ ಕೇಳಿದರೆ, ನೀವು ಒಪ್ಪಿದರೂ ಆ ಒಪ್ಪಿಗೆ ನಂಬರುಗಳಿಗೆ ಅನ್ವಯಿಸದು. ಚಿಕಿತ್ಸೆಗೆ ಅವು ಬೇಕಿಲ್ಲ.

ನಿಯಮಗಳು 2025ರ ನವೆಂಬರಿನಲ್ಲಿ ಹೊರಬಿದ್ದವು. ಮುಖ್ಯ ಕಟ್ಟಳೆಗಳಿಗೆ ಕಂಪನಿಗಳಿಗೆ 18 ತಿಂಗಳ ಕಾಲಾವಕಾಶ, ಅಂದರೆ 2027ರ ಮೇ. ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿದ್ದರೆ, ಕನ್ನಡದಲ್ಲಿ ಕೇಳುವವರೇ ಇಲ್ಲ ಎಂದು ಗೂಗಲ್ ಟ್ರಾನ್ಸ್‌ಲೇಟಿನ ಕಲಸುಮೇಲೋಗರವನ್ನು ತಂದು ಅಂಟಿಸುತ್ತಾರೆ. ಇವತ್ತೇ ನೋಡಿ: ಫೋನಿನ ಭಾಷೆಯನ್ನು ಕನ್ನಡಕ್ಕೆ ತಿರುಗಿಸಿದರೆ ಗುಂಡಿ ‘ಅನುಮತಿಸಿ’ ಎನ್ನುತ್ತದೆ. ಅದರ ಹಿಂದಿರುವ ಕರಾರುಪತ್ರ ಹೆಚ್ಚಿನ ಆ್ಯಪುಗಳಲ್ಲಿ ಇಂಗ್ಲಿಷೇ, ಅದೂ ಲಾಯರುಗಳ ಇಂಗ್ಲಿಷು. ಇಂಗ್ಲಿಷ್ ಬಲ್ಲವರೂ ಅದನ್ನು ಓದುವುದಿಲ್ಲ, ಒಪ್ಪುತ್ತೇನೆ. ಓದದಿರುವುದು ಅವರ ಸೋಮಾರಿತನ. ಓದಲಾಗದಂತೆ ಮಾಡುವುದು ಅನ್ಯಾಯ.

ಈ ಭಾನುವಾರ ಅರ್ಧ ಗಂಟೆ ಕೊಡಿ. ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ, ಅದರೊಳಗೆ ಪರ್ಮಿಷನ್ ಮ್ಯಾನೇಜರ್ ತೆರೆಯಿರಿ. ಲೊಕೇಶನ್, ಮೈಕ್, ಕಾಂಟ್ಯಾಕ್ಟ್ಸ್ ಯಾರ ಯಾರ ಕೈಯಲ್ಲಿವೆ ನೋಡಿ, ಬೇಡವಾದವನ್ನು ಕಿತ್ತುಹಾಕಿ. ಹೊಸ ಆಂಡ್ರಾಯ್ಡ್ ಆದರೆ ‘ಆ್ಯಡ್ಸ್’ ಎಂಬಲ್ಲಿ ಆ ಜಾಹೀರಾತು ಸಂಖ್ಯೆಯನ್ನೇ ಅಳಿಸಬಹುದು. ಮನೆಯಲ್ಲಿ ಅಪ್ಪ ಅಮ್ಮನ ಫೋನಿಗೂ ಇದನ್ನು ಮಾಡಿಕೊಡಿ.

ಆಮೇಲೆ ಪ್ಲೇಸ್ಟೋರ್ ತೆರೆಯಿರಿ. ಪ್ರತಿ ಆ್ಯಪಿನ ಪುಟದಲ್ಲೂ ತಯಾರಕರ ಇ-ಮೇಲ್ ಇರುತ್ತದೆ. ನೀವು ದಿನವೂ ಬಳಸುವ ಐದು ಆ್ಯಪುಗಳಿಗೆ ಬರೆಯಿರಿ: ‘ನೀವು ನನ್ನಿಂದ ಏನೇನು ತೆಗೆದುಕೊಳ್ಳುತ್ತಿದ್ದೀರಿ, ಯಾರಿಗೆ ಕೊಡುತ್ತಿದ್ದೀರಿ, ಕನ್ನಡದಲ್ಲಿ ತಿಳಿಸಿ.’ ಕನ್ನಡದಲ್ಲೇ ಬರೆಯಿರಿ. ಬಂದ ಉತ್ತರದ ಒಂದು ಪ್ರತಿಯನ್ನು ಪತ್ರಿಕೆಗೆ ಕಳಿಸಿ. ಉತ್ತರ ಬಾರದಿದ್ದರೆ ಆ ಆ್ಯಪಿನ ಹೆಸರು ಕಳಿಸಿ. ಎರಡನ್ನೂ ಅಚ್ಚು ಹಾಕುತ್ತೇವೆ.