ಗಂಡನ ಹೆಸರು ಕೇಳುವ ಮುನ್ನ



ಬಸುರಿ ಎಂದರೆ ನಮ್ಮಲ್ಲಿ ಸಂಭ್ರಮ. ಬಯಕೆ ಏನೆಂದು ಕೇಳುತ್ತೇವೆ, ಸೀಮಂತ ಮಾಡುತ್ತೇವೆ, ಚೊಚ್ಚಲ ಹೆರಿಗೆಗೆ ತವರಿಗೆ ಕರೆತರುತ್ತೇವೆ. ಆದರೆ ಇದೆಲ್ಲ ಗಂಡ ಜೊತೆಗಿರುವವಳಿಗೆ ಮಾತ್ರ. ವರದಕ್ಷಿಣೆ ಸಾಲದೆಂದು ಐದು ತಿಂಗಳ ಬಸುರಿಯಾಗಿದ್ದಾಗಲೇ ಮನೆಯಿಂದ ಹೊರದೂಡಿಸಿಕೊಂಡವಳು, ಗಂಡನನ್ನು ಕಳೆದುಕೊಂಡವಳು, ಮದುವೆಯ ಮಾತು ಕೊಟ್ಟವನಿಂದ ಮೋಸಹೋದವಳು: ಇವರ ಬಸಿರು ಮಾತ್ರ ಓಣಿಯ ಗುಸುಗುಸು ಆಗುತ್ತದೆ.

ಶಿವಾಜಿನಗರದ ಘೋಷಾ ಆಸ್ಪತ್ರೆಯನ್ನು ನೀವೆಲ್ಲ ಬಲ್ಲಿರಿ. ಪರದೆಯಲ್ಲಿರುವ ಹೆಂಗಸರು ಸಂಕೋಚವಿಲ್ಲದೆ ಬರಲೆಂದು ಹಾಜಿ ಸರ್ ಇಸ್ಮಾಯಿಲ್ ಸೇಠ್ ಅವರ ದಾನದಿಂದ ಎದ್ದು ನಿಂತ ಆಸ್ಪತ್ರೆ ಅದು. ಹೆಣ್ಣಿನ ಸಂಕೋಚವನ್ನು ಅರಿತು ಕಟ್ಟಡವನ್ನೇ ಕಟ್ಟಿದ ಊರು ನಮ್ಮದು. ಆದರೂ ಈ ಊರಿನಲ್ಲಿ ಒಂಟಿ ಬಸುರಿ ಎಲ್ಲಿಗೇ ಹೋಗಲಿ, ಬಾಡಿಗೆ ಮನೆ ಕೇಳಲಿ, ಚೀಟಿ ಬರೆಸಲಿ, ಮೊದಲು ಎದುರಾಗುವುದು ‘ಗಂಡನ ಹೆಸರೇನು?’ ಎಂಬ ಪ್ರಶ್ನೆ. ಆ ಪ್ರಶ್ನೆಗೆ ಹೆದರಿ ಅವಳು ತಪಾಸಣೆಯನ್ನೇ ತಪ್ಪಿಸುತ್ತಾಳೆ. ನಿದ್ದೆ ಬಾರದು, ಊಟ ಸೇರದು, ಸಾಯುವ ಯೋಚನೆ ಬರುತ್ತದೆ. ಇದು ಬಸಿರಿನ ಸುಸ್ತಲ್ಲ, ಮಾಡಿದ ಪಾಪದ ಫಲವೂ ಅಲ್ಲ. ಚಿಕಿತ್ಸೆಯಿರುವ ಕಾಯಿಲೆ. ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮಗುವನ್ನು ಅಗಲಿಸದೆ ಒಟ್ಟಿಗೇ ಇಟ್ಟುಕೊಂಡು ಉಪಚರಿಸುವ ವಿಭಾಗವಿದೆ. ಟೆಲಿ ಮನಸ್‌ನ 14416ಕ್ಕೆ ಹಗಲಿರುಳು ಯಾವಾಗ ಫೋನ್ ಮಾಡಿದರೂ ಖರ್ಚಿಲ್ಲದೆ ಕನ್ನಡದಲ್ಲಿ ಮಾತನಾಡಬಹುದು.

ಕಾನೂನು ನಮ್ಮ ಸಮಾಜಕ್ಕಿಂತ ಮುಂದೆ ನಡೆದಿದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಂತೆ ಹೆಂಡತಿಯನ್ನು ಮನಬಂದಂತೆ ಮನೆಯಿಂದ ಹೊರಹಾಕುವಂತಿಲ್ಲ. ಒಂಟಿ ತಾಯಿ ಪ್ರಮಾಣಪತ್ರ ಕೊಟ್ಟರೆ ಸಾಕು, ಮಗುವಿನ ಜನನ ಪತ್ರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತು. ಗರ್ಭಪಾತದ ಹಕ್ಕಿನಲ್ಲಿ ಮದುವೆಯಾದವಳು, ಆಗದವಳು ಎಂಬ ಭೇದ ಸಲ್ಲದೆಂದು 2022ರಲ್ಲಿ ತೀರ್ಪಿತ್ತಿತು. ಹೆರುವುದೋ ಬೇಡವೋ ಎಂಬ ನಿರ್ಧಾರ ಅವಳದೇ.

ಆದರೆ ನಡುರಾತ್ರಿ ನೋವು ಬಂದಾಗ ಕೋರ್ಟು ಬಾಗಿಲು ತಟ್ಟುವುದಿಲ್ಲ. ತಟ್ಟಬೇಕಾದವರು ನಾವು. ಹಲಸೂರಿನಲ್ಲಾಗಲಿ, ಕೆ.ಆರ್. ಪುರದಲ್ಲಾಗಲಿ, ಸಾಲದ ಕಂತು ತಪ್ಪಿದರೆ ಮರುದಿನವೇ ಸದಸ್ಯೆಯ ಮನೆಗೆ ಹೋಗುವ ಶಿಸ್ತು ನಮ್ಮ ಸಂಘಗಳಲ್ಲಿದೆ. ಅದೇ ಸದಸ್ಯೆ ಮೂರು ವಾರ ಸಭೆಗೆ ಬಾರದಿದ್ದರೆ ಏಕೆಂದು ವಿಚಾರಿಸುವ ಶಿಸ್ತು ಏಕಿರಬಾರದು? ಇದೇ ನನ್ನ ಪ್ರಶ್ನೆ.

ದೊಡ್ಡ ಕೆಲಸವೇನಲ್ಲ. ಅವಳಿಗೆ ಒಪ್ಪಿಗೆಯಾದ ಇಬ್ಬರು ಪ್ರತಿ ತಪಾಸಣೆಗೂ ಜೊತೆ ಹೋಗಲಿ. ಅವಳು ಹೇಳಿಕೊಂಡದ್ದು ಆ ಇಬ್ಬರಲ್ಲೇ ಉಳಿಯಲಿ. ‘ಅವನಾರು?’ ಎಂದು ಯಾರೂ ಕೆದಕುವುದು ಬೇಡ. ಹೆರಿಗೆಯ ಮುಂಚೆ, ಆಮೇಲೆ ಕೆಲವು ತಿಂಗಳು ಕಂತಿಗೆ ಬಿಡುವಿರಲಿ. ಆಟೋ ಖರ್ಚಿಗೆ ಸಂಘದ ಪೆಟ್ಟಿಗೆಯಲ್ಲಿ ಸ್ವಲ್ಪ ಹಣ ತೆಗೆದಿರಿಸಿ. ಹೊಡೆತದ ಭಯವಿದ್ದರೆ 181ಕ್ಕೆ ಕರೆ ಮಾಡಿ. ಬಾಣಂತನದಲ್ಲಿ ದಿನಕ್ಕೊಬ್ಬರು ಅಡುಗೆ ಕೊಂಡೊಯ್ಯಲಿ. ಮಗುವನ್ನು ಒಂದು ಗಂಟೆ ಎತ್ತಿಕೊಂಡರೆ ಅವಳು ಕಣ್ಣು ಮುಚ್ಚಿಯಾಳು. ಅವಳಿಗೆ ಇಷ್ಟವಿದ್ದರೆ ಮಡಿಲು ತುಂಬಿ, ಬಳೆ ತೊಡಿಸಿ. ಅದಕ್ಕೆ ಗಂಡನ ಅಪ್ಪಣೆ ಬೇಕಿಲ್ಲ.

ತವರಿನ ಬಾಗಿಲು ಮುಚ್ಚಿದವಳಿಗೆ ಸಂಘವೇ ತವರಾಗಬೇಕು. ನಿಮ್ಮ ಮುಂದಿನ ಸಭೆಯಲ್ಲಿ ಲೆಕ್ಕದ ಪುಸ್ತಕ ತೆರೆಯುವ ಮೊದಲು ಒಮ್ಮೆ ಸುತ್ತ ನೋಡಿ: ಯಾರು ಬಂದಿಲ್ಲ?