ನಾಯಕನಿಲ್ಲದ ದಂಡು

ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿ ಕಡ್ಡಿರಾಂಪುರವೆಂಬ ಊರಿದೆ. ವಿರೂಪಾಕ್ಷನ ದರ್ಶನಕ್ಕೆ ಆತುರಪಡುವ ಯಾತ್ರಿಕರು ಅಲ್ಲಿ ಇಳಿಯುವುದು ವಿರಳ. ಇಳಿದವರಿಗೆ ವಿಜಯನಗರದ ಕಾಲದ ಮುಸಲ್ಮಾನ ಗೋರಿಗಳು ಕಾಣಸಿಗುತ್ತವೆ. ಆ ರಾಜಧಾನಿಯ ಮಗ್ಗುಲಲ್ಲಿ ಇವು ಹೇಗೆ ಬಂದುವೆಂದು ಅಚ್ಚರಿಪಡಬೇಕಾದುದಿಲ್ಲ. ಎರಡನೆಯ ದೇವರಾಯನು ತನ್ನ ದಂಡಿಗೆ ಮುಸಲ್ಮಾನ ಬಿಲ್ಲುಗಾರರನ್ನು ಸೇರಿಸಿಕೊಂಡಿದ್ದನು. ಎದುರಾಳಿಯ ಯುದ್ಧವಿದ್ಯೆ ಮೇಲೆಂದು ಕಂಡಾಗ ಅದನ್ನು ಕಲಿಯಲು ಆ ಅರಸನಿಗೆ ಸಂಕೋಚವಿರಲಿಲ್ಲ.

ಹೀಗೆ ಬೆಳೆದ ದಂಡು 1565ರ ಜನವರಿಯಲ್ಲಿ ಒಂದೇ ಕಾಳಗದಲ್ಲಿ ಚದರಿಹೋಯಿತು. ಸೋಲಿಗೆ ಚರಿತ್ರಕಾರರು ಹಲವು ಕಾರಣಗಳನ್ನು ಕೊಡುತ್ತಾರೆ. ಕೊನೆಯ ಗಳಿಗೆಯ ವಿಷಯದಲ್ಲಿ ಮಾತ್ರ ಹೆಚ್ಚು ಭಿನ್ನಾಭಿಪ್ರಾಯವಿಲ್ಲ. ವೃದ್ಧ ರಾಮರಾಯನು ಶತ್ರುಗಳಿಗೆ ಸೆರೆಸಿಕ್ಕಿದನು, ಅವನ ಶಿರಚ್ಛೇದವಾಯಿತು, ಈಟಿಯ ತುದಿಯಲ್ಲಿ ಆ ತಲೆಯನ್ನು ಕಂಡೊಡನೆ ಸೈನ್ಯ ದಿಕ್ಕೆಟ್ಟು ಓಡಿತು. ಅರಸು ಬಿದ್ದರೆ ಆಟ ಮುಗಿಯಿತೆಂಬುದು ಚದುರಂಗದಷ್ಟೇ ಹಳೆಯ ನಿಯಮ. ಈ ನಿಯಮವನ್ನು ಸುಳ್ಳುಮಾಡುವ ದಂಡೊಂದು ಈಗ ಆಕಾಶದಲ್ಲಿ ಸಿದ್ಧವಾಗುತ್ತಿದೆ. ಅದೇ ಡ್ರೋನುಗಳ ಹಿಂಡು.

2025ರ ದಸರೆಯಲ್ಲಿ ಮೈಸೂರಿನ ಬನ್ನಿಮಂಟಪದ ಮೇಲೆ ಸುಮಾರು 3,000 ಡ್ರೋನುಗಳು ದೀಪ ಹೊತ್ತು ಹಾರಿದುದನ್ನು ಕಂಡವರು ಹಿಂಡೆಂದರೆ ಇದೇ ಎಂದುಕೊಂಡಿರಬಹುದು. ಅವು ಬಾನಿನಲ್ಲಿ ಬರೆದ ಹುಲಿ ಗಿನ್ನೆಸ್ ದಾಖಲೆಗೂ ಸೇರಿತು. ನೋಟ ಮನೋಹರವೇ ಸರಿ. ಆದರೆ ಅದು ಹಿಂಡಲ್ಲ, ಕವಾಯತು. ಇಂಥ ಪ್ರದರ್ಶನದಲ್ಲಿ ಯಾವ ಡ್ರೋನು ಯಾವ ಕ್ಷಣದಲ್ಲಿ ಎಲ್ಲಿರಬೇಕೆಂಬುದನ್ನು ನೆಲದ ಮೇಲಿನ ಕಂಪ್ಯೂಟರು ಮೊದಲೇ ಲೆಕ್ಕಹಾಕಿರುತ್ತದೆ. ಪ್ರತಿಯೊಂದೂ ಉಪಗ್ರಹದ ಸಂಕೇತದಿಂದ ತನ್ನ ನೆಲೆಯನ್ನರಿತು ಬಾಯಿಪಾಠ ಒಪ್ಪಿಸುತ್ತದೆ. ಪಕ್ಕದ್ದು ಕೆಟ್ಟು ಬಿದ್ದರೆ ಹುಲಿಯ ಮೈಯಲ್ಲಿ ಒಂದು ಚುಕ್ಕೆ ಕಡಿಮೆಯಾಗುತ್ತದೆ, ಅಷ್ಟೆ.

ನಿಜವಾದ ಹಿಂಡನ್ನು ನೋಡಬೇಕೆಂಬವರು ಚಳಿಗಾಲದಲ್ಲಿ ಬಯಲುಸೀಮೆಯ ಜೋಳದ ಹೊಲಗಳಿಗೆ ಹೋಗಬೇಕು. ಪರದೇಶದಿಂದ ವಲಸೆ ಬಂದ ಗುಲಾಬಿ ಕಬ್ಬಕ್ಕಿಗಳು ಮೋಡದಂತೆ ಏಳುತ್ತವೆ, ಮಡಿಸಿದ ಸೆರಗಿನಂತೆ ತಿರುಗುತ್ತವೆ. ಒಂದಕ್ಕೊಂದು ಡಿಕ್ಕಿ ಹೊಡೆಯುವುದಿಲ್ಲ. ಇವುಗಳಿಗೆ ಅಪ್ಪಣೆ ಕೊಡುವವರು ಯಾರು? ಯಾರೂ ಇಲ್ಲ. ಅಮೆರಿಕದ ಕ್ರೇಗ್ ರೆನಾಲ್ಡ್ಸ್ 1987ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇಂಥ ಹಾರಾಟವನ್ನು ಕಂಪ್ಯೂಟರಿನಲ್ಲಿ ಮೂಡಿಸಲು ಮೂರೇ ಸೂತ್ರಗಳು ಸಾಕೆಂದು ತೋರಿಸಿದನು: ನೆರೆಯವನಿಗೆ ತಾಗಬೇಡ, ನೆರೆಯವನು ಹೋಗುವ ದಿಕ್ಕಿಗೆ ಹೋಗು, ಗುಂಪನ್ನು ಬಿಟ್ಟಿರಬೇಡ. ರೋಮ್ ನಗರದ ಕಬ್ಬಕ್ಕಿಗಳನ್ನು ಅಭ್ಯಾಸಮಾಡಿದ ವಿಜ್ಞಾನಿಗಳು, ಪ್ರತಿ ಹಕ್ಕಿಯೂ ತನಗೆ ಸಮೀಪದ ಆರೇಳು ಹಕ್ಕಿಗಳನ್ನಷ್ಟೇ ಗಮನಿಸುತ್ತದೆಂದು 2008ರಲ್ಲಿ ವರದಿಮಾಡಿದರು. ಸಹಸ್ರ ಸಂಖ್ಯೆಯ ಶಿಸ್ತು ಆರೇಳು ನೆರೆಹೊರೆಯವರ ದಾಕ್ಷಿಣ್ಯದಿಂದ ಹುಟ್ಟುವುದೆಂದರೆ ಸೋಜಿಗವಲ್ಲವೆ!

ಈ ವಿದ್ಯೆ ಆಯುಧಶಾಲೆಯನ್ನು ಹೊಗಲು ಬಹುಕಾಲ ಹಿಡಿಯಲಿಲ್ಲ. 2016ರ ಅಕ್ಟೋಬರಿನಲ್ಲಿ ಅಮೆರಿಕದವರು ಮೂರು ಯುದ್ಧವಿಮಾನಗಳಿಂದ ಅಂಗೈಯಗಲದ 103 ಡ್ರೋನುಗಳನ್ನು ಗಾಳಿಗೆ ಬಿಟ್ಟರು. ಅವು ನಾಯಕನಿಲ್ಲದೆಯೇ ವ್ಯೂಹ ಕಟ್ಟಿಕೊಂಡವು. 2021ರ ಜನವರಿ 15ರಂದು, ಸೇನಾ ದಿನದ ಸಂದರ್ಭದಲ್ಲಿ, ಭಾರತದ ಭೂಸೇನೆ ದೆಹಲಿಯಲ್ಲಿ 75 ಡ್ರೋನುಗಳ ಅಣಕು ದಾಳಿಯನ್ನು ತೋರಿಸಿತು. ಬೆಂಗಳೂರಿನ ನ್ಯೂಸ್ಪೇಸ್ ಸಂಸ್ಥೆ 2023ರಲ್ಲಿ ಇಂಥ ಹಿಂಡುಗಳನ್ನು ಸೇನೆಗೆ ಒಪ್ಪಿಸಿತು. ಹತ್ತು ಬಿದ್ದರೆ ಉಳಿದವು ಕೆಲಸವನ್ನು ಹಂಚಿಕೊಳ್ಳುತ್ತವೆ. ಒಂದು ಕಂಡದ್ದು ಎಲ್ಲವಕ್ಕೂ ತಿಳಿಯುತ್ತದೆ. ಈಟಿಗೆ ಸಿಕ್ಕಿಸಿ ತೋರಿಸಲು ಇಲ್ಲಿ ತಲೆಯೇ ಇಲ್ಲ.

ತಡೆಯುವವನ ಕಷ್ಟ ಸಣ್ಣದಲ್ಲ. ಅಗ್ಗದ ಯಂತ್ರವೊಂದನ್ನು ಉರುಳಿಸಲು ಕೋಟಿ ಬೆಲೆಯ ಕ್ಷಿಪಣಿಯನ್ನು ಹಾರಿಸುವುದು ಸೊಳ್ಳೆಗೆ ಫಿರಂಗಿಯಿಟ್ಟಂತೆ. ಸೊಳ್ಳೆಗಳು ನೂರಿದ್ದರೆ ಬೊಕ್ಕಸ ಮೊದಲು ಬರಿದಾಗುತ್ತದೆ. 2025ರ ಮೇ 8ರ ರಾತ್ರಿ ಪಾಕಿಸ್ತಾನವು 36 ಸ್ಥಳಗಳತ್ತ 300ರಿಂದ 400 ಡ್ರೋನುಗಳನ್ನು ಕಳುಹಿಸಿತೆಂದು ಭಾರತ ಸರ್ಕಾರ ಹೇಳಿತು. ವಾಯುರಕ್ಷಣೆಯನ್ನು ಪರೀಕ್ಷಿಸುವುದು ಅದರ ಒಂದು ಉದ್ದೇಶವಾಗಿದ್ದಿರಬಹುದೆಂದೂ ಸೂಚಿಸಿತು. ಗಡಿಯಿಂದ ದೂರವಿರುವ ಊರುಗಳಿಗೆ ಈ ಚಿಂತೆ ಬೇಡವೆನ್ನುವಂತಿಲ್ಲ. ಕಡ್ಡಿರಾಂಪುರಕ್ಕೆ ಸಮೀಪದಲ್ಲೇ 33 ತೂಬುಬಾಗಿಲುಗಳ ತುಂಗಭದ್ರಾ ಅಣೆಕಟ್ಟಿದೆ. 2024ರ ಆಗಸ್ಟಿನಲ್ಲಿ ಯಾವ ಶತ್ರುವೂ ಇಲ್ಲದೆ, ಬರಿಯ ಸರಪಳಿ ತುಂಡಾಗಿ, 19ನೆಯ ಬಾಗಿಲು ಕೊಚ್ಚಿಹೋದಾಗ ನದೀತೀರದ ಜನ ಪಟ್ಟ ಕಳವಳ ಇನ್ನೂ ಮರೆತಿಲ್ಲ.

ಹಿಂಡಿಗೂ ದೌರ್ಬಲ್ಯವುಂಟು. ನಾಲ್ಕು ರೆಕ್ಕೆಯ ಸಣ್ಣ ಡ್ರೋನಿನ ಬ್ಯಾಟರಿ ಸಾಮಾನ್ಯವಾಗಿ ಅರ್ಧ ಗಂಟೆಯ ಸುಮಾರಿಗೆ ಮುಗಿಯುತ್ತದೆ. ಒಂದಕ್ಕೊಂದು ಆಡುವ ರೇಡಿಯೋ ಮಾತನ್ನು ಗದ್ದಲವೆಬ್ಬಿಸಿ ಕೆಡಿಸಬಹುದು. ಬೆಂಗಳೂರಿನ ಬಿ.ಇ.ಎಲ್. ಕಾರ್ಖಾನೆಯವರು ಇಂಥ ತಡೆಯಂತ್ರಗಳನ್ನು ತಯಾರಿಸುತ್ತಾರೆ. ಆದರೆ ಕ್ಯಾಮರಾದ ಕಣ್ಣಿನಿಂದಲೇ ಗುರಿಯನ್ನು ಗುರುತಿಸುವ ಯಂತ್ರಕ್ಕೆ ಗದ್ದಲದ ಭಯ ಕಡಿಮೆ. ಆಯುಧ ಮತ್ತು ಗುರಾಣಿಗಳ ಈ ಪೈಪೋಟಿ ಹಳೆಯದು, ಅದು ನಡೆಯಲಿ.

ಹೊಸದಾಗಿ ಎದ್ದಿರುವುದು ಹೊಣೆಯ ಪ್ರಶ್ನೆ. ರಾಮರಾಯನ ವಧೆ ಯಾರ ಅಪ್ಪಣೆಯಿಂದ ಆಯಿತೆಂದು ಇತಿಹಾಸ ಹುಸೇನ್ ನಿಜಾಮ ಷಹನ ಹೆಸರು ಹೇಳುತ್ತದೆ. ಹಿಂಡೊಂದು ಸೈನಿಕರ ಡೇರೆಯೆಂದು ಮದುವೆಯ ಚಪ್ಪರವನ್ನು ಸುಟ್ಟರೆ ಯಾರ ಹೆಸರು ಹೇಳಬೇಕು? ಬಿಟ್ಟ ಅಧಿಕಾರಿಯದೇ, ಸೂತ್ರ ಬರೆದ ಎಂಜಿನಿಯರನದೇ? ನಾಗರಿಕರಿಗಾಗಿ 2021ರಲ್ಲಿ ಬಂದ ಡ್ರೋನ್ ನಿಯಮಗಳು ಯಂತ್ರಕ್ಕೊಂದು ಗುರುತಿನ ಸಂಖ್ಯೆಯನ್ನೂ ಹಾರಿಸುವವನಿಗೊಂದು ಪ್ರಮಾಣಪತ್ರವನ್ನೂ ಕೇಳುತ್ತವೆ. ಯುದ್ಧರಂಗದ ಹಿಂಡಿಗೆ ಅಷ್ಟೂ ಕಟ್ಟಳೆಯಿಲ್ಲ. ಮನುಷ್ಯನ ಅಪ್ಪಣೆಯಿಲ್ಲದೆ ಕೊಲ್ಲಬಲ್ಲ ಆಯುಧಗಳ ವಿಷಯವನ್ನು ತುರ್ತಾಗಿ ಪರಿಶೀಲಿಸಬೇಕೆಂಬ ನಿರ್ಣಯ 2023ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಗೆ ಬಂದಾಗ 152 ದೇಶಗಳು ಪರವಾಗಿಯೂ ನಾಲ್ಕು ದೇಶಗಳು ವಿರುದ್ಧವಾಗಿಯೂ ಮತ ಕೊಟ್ಟವು. ಆ ನಾಲ್ಕರಲ್ಲಿ ರಷ್ಯಾದೊಡನೆ ಭಾರತವೂ ಇದ್ದಿತು.